ಕೇಳಿಸದ ಉತ್ತರ

2021ರ ಜುಲೈ ತಿಂಗಳಲ್ಲಿ ಶಾಲೆಗಳು ಮುಚ್ಚಿದ್ದಾಗ, ಬಬಲೇಶ್ವರದ ನಮ್ಮ ಮಾಳಿಗೆ ಮನೆಯ ಒಳಕೋಣೆಯಲ್ಲಿ ಕುಳಿತು ಲ್ಯಾಪ್‌ಟಾಪಿನ ಮೂಲಕ ಪಾಠ ಹೇಳುತ್ತಿದ್ದೆನು. ಮಕ್ಕಳ ದನಿ ಕಡಿಕಡಿದು ಬರುತ್ತಿತ್ತು. ತಿಕೋಟಾದ ದ್ರಾಕ್ಷಿತೋಟದಿಂದ ಪಾಠ ಕೇಳುತ್ತಿದ್ದ ಬಾಲಕನೊಬ್ಬನು ಪ್ರಶ್ನೆಗೆ ಉತ್ತರಿಸಲೇ ಇಲ್ಲವೆಂದು ಎಲ್ಲರೆದುರು ಗದರಿಸಿದೆನು. ಸಂಜೆ ಆತನ ಫೋನು ಬಂದಿತು: "ಸರ್ರ, ನಾ ಉತ್ತರ ಹೇಳೀನ್ರಿ, ನಿಮಗ ಕೇಳ್ಸಿಲ್ರಿ." ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಅಂತರ್ಜಾಲ ಒದಗಿಸುವವರನ್ನು ಅದುವರೆಗೆ ಮನಸಾರೆ ಬೈದಿದ್ದೆನು. ವಿಜಯಪುರದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಬಂದು, ಲ್ಯಾಪ್‌ಟಾಪನ್ನು ಪಡಸಾಲೆಯ ರೌಟರಿಗೆ ತಂತಿಯಿಂದ ಜೋಡಿಸಿದರು; ವೇಗವು ಪೂರ್ಣವಾಗಿತ್ತು! ದೋಷವು ಮನೆಯೊಳಗೇ ಇತ್ತು. 5 ಗಿಗಾಹರ್ಟ್ಸಿನ ವೈಫೈ ಅಲೆಗಳು ಹೆಚ್ಚು ಮಾಹಿತಿಯನ್ನು ಹೊರಬಲ್ಲವು, ಆದರೆ ನಮ್ಮ ಮೊಳ ದಪ್ಪದ ಕಲ್ಲುಗೋಡೆಗೆ ಬೇಗ ಸೋಲುತ್ತವೆ, 2.4ರವು ಗೋಡೆ ದಾಟಿದರೂ ಆ ಹಾದಿಯಲ್ಲಿ ನೆರೆಮನೆಗಳ ರೌಟರುಗಳದೂ ನೂಕುನುಗ್ಗಲು. ಗೋಲಗುಮ್ಮಟದಲ್ಲಿ ನಾಲ್ವರು ಒಮ್ಮೆಲೇ ಕೂಗಿದರೆ ಯಾರ ಮಾತು ತಿಳಿದೀತು? ಅವರು ರೌಟರನ್ನು ಒಳಕೋಣೆಯ ಬಾಗಿಲಿಗೆ ನೇರವಾಗಿ ಎತ್ತರದಲ್ಲಿರಿಸಿ, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸಿಗೆ ಸೇರಿಸಿದರು. ಖರ್ಚಾದದ್ದು ಒಂದು ಮೊಳೆ.

ಮರುದಿನ ಎಲ್ಲರೆದುರೇ ಆ ಬಾಲಕನ ಕ್ಷಮೆ ಕೋರಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆನು. ಉತ್ತರವು ತಪ್ಪಾಗಿತ್ತು, ಆದರೆ ಒಂದಕ್ಷರವೂ ಬಿಡದೆ ಕೇಳಿಸಿತು.