ಸೊಲ್ಲಾಪುರದ ಹಾದಿಯೂ ದಿನದ ಅನ್ನವೂ

ವಿಜಯಪುರದಿಂದ ಉತ್ತರಾಭಿಮುಖವಾಗಿ ಹೊರಡುವ ಸೊಲ್ಲಾಪುರ ರಸ್ತೆಯನ್ನು ಹೊಟ್ಟೆಯ ರಸ್ತೆಯೆಂದು ಕರೆದರೆ ತಪ್ಪಾಗಲಾರದು. ಗೋಳಗುಮ್ಮಟವನ್ನು ನೋಡಬರುವವರಿಗೆ ಅದು ಊರೊಳಗೆ ಬರುವ ದಾರಿಯಾದರೆ, ಈ ಸೀಮೆಯ ಒಕ್ಕಲಿಗರಿಗೂ ಕೂಲಿಕಾರರಿಗೂ ತಲೆಮಾರುಗಳಿಂದ ಅದು ಊರು ಬಿಟ್ಟು ಹೋಗುವ ದಾರಿಯಾಗಿರುವದು. 1877ರಲ್ಲಿ ಸೊಲ್ಲಾಪುರದಲ್ಲಿ ನೂಲಿನ ಗಿರಣಿ ಹುಟ್ಟಿತು. 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ರೈಲಿನ ಹಳಿಗಳು ಬಿದ್ದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟುಮೂಟೆಗಳೊಡನೆ, ಮಕ್ಕಳುಮರಿಗಳೊಡನೆ ಜನರು ಭೀಮೆಯನ್ನು ದಾಟಿದರು. ಆ ಹಳೆಯ ಗಿರಣಿಯ ಕೊಳವೆಯಲ್ಲಿ ಈಗ ಹೊಗೆಯಿಲ್ಲ. ಆದರೆ ಕಬ್ಬು ಕಡಿಯುವ ಕಾಲ ಬಂದಿತೆಂದರೆ ತಾಂಡೆಗಳಿಂದಲೂ ಹಳ್ಳಿಗಳಿಂದಲೂ ಮಹಾರಾಷ್ಟ್ರಕ್ಕೆ ಹೋಗುವವರು ಇಂದಿಗೂ ಇದ್ದಾರೆ. ತಿಕೋಟ, ಬಬಲೇಶ್ವರಗಳ ಕಡೆಯ ದ್ರಾಕ್ಷಿಯು ಪೇಟೆಗೆ ಹೋಗುವಷ್ಟು ಸುಖವಾಗಿ ಆ ಕಡೆಯ ಬಡವನು ಪರಸ್ಥಳಕ್ಕೆ ಹೋಗುವದಿಲ್ಲವೆಂಬುದನ್ನು ಯಾರಾದರೂ ನೋಡಿ ತಿಳಿಯಬಹುದು.

ಇಂಥ ದಾರಿಯಲ್ಲಿ ನಡೆಯುವವನಿಗೆ ದೇವರು ಎಲ್ಲಿ ಸಿಕ್ಕಬೇಕು? ಪಂಢರಪುರದ ವಾರಕರಿಗೆ ಹಾದಿಯ ತುದಿಯಲ್ಲಿ ವಿಠೋಬನಿದ್ದಾನೆ. ಕೂಲಿಗೆ ಹೋಗುವವನ ಹಾದಿಯ ತುದಿಯಲ್ಲಿ ಕೂಲಿಯಿದೆ, ಅಷ್ಟೇ. ಧರ್ಮವೆಂಬುದು ಹಬ್ಬದ ದಿನ ಉಡುವ ಮಡಿಯಾಗಿದ್ದರೆ ಆತನಿಗೆ ಅದರ ಪಾಲು ಸ್ವಲ್ಪವೇ. ಕ್ರಿಸ್ತಮತದ ಮೂಲದಲ್ಲಿಯೇ ಈ ಪ್ರಶ್ನೆಗೆ ಒಂದು ಉತ್ತರ ಅಡಗಿರುವದು. ಆ ಮತದವರು ದೇವಪುತ್ರನೆಂದು ನಂಬಿದ ಪುರುಷನು ಬಡಗಿಯಾಗಿದ್ದನು. ಬೋಧೆಗೆ ತೊಡಗಿದಾಗ ಆತನಿಗೆ ಸುಮಾರು ಮೂವತ್ತು ವರ್ಷಗಳಾಗಿದ್ದವೆಂದು ಲೂಕನು ಬರೆದಿಟ್ಟಿದ್ದಾನೆ. ಬೋಧಿಸತೊಡಗಿದ ಮೇಲೆಯೂ ಆತನ ದೃಷ್ಟಾಂತಗಳೆಲ್ಲ ಬಿತ್ತುವವನವು, ಬಲೆ ಬೀಸುವವನವು, ಹಿಟ್ಟಿಗೆ ಹುಳಿ ಕಲಸುವ ಹೆಂಗಸಿನವು, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವ ಗೃಹಿಣಿಯವು. ಆತನ ಅಪೊಸ್ತಲನಾದ ಪೌಲನು ಮಹಾಪಂಡಿತನಾಗಿದ್ದರೂ ಕೊರಿಂಥಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳೊಡನೆ ಕೂತು ಗುಡಾರಗಳನ್ನು ಹೊಲಿದು ಅನ್ನ ಸಂಪಾದಿಸಿದನು.

ಇದು ಪರದೇಶದ ಹೊಸ ವಿಚಾರವೆಂದು ಸಂಸ್ಕೃತವನ್ನು ಓದಿದವರು ಹುಬ್ಬೇರಿಸಬೇಕಾದ ಕಾರಣವಿಲ್ಲ. ಸ್ವಕರ್ಮದಿಂದಲೇ ಪರಮಾತ್ಮನನ್ನು ಅರ್ಚಿಸಿ ಮನುಷ್ಯನು ಸಿದ್ಧಿಯನ್ನು ಪಡೆಯುವನೆಂಬ ಅಭಿಪ್ರಾಯವು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿಯೇ ಇದೆ. ವನಪರ್ವದಲ್ಲಿ ತಪಸ್ವಿಯಾದ ಕೌಶಿಕನು ಧರ್ಮವನ್ನು ಕೇಳಿಕೊಳ್ಳಲು ಮಿಥಿಲೆಯ ಮಾಂಸದಂಗಡಿಗೆ ಹೋಗಬೇಕಾಯಿತು. ಆ ವ್ಯಾಧನ ಕಥೆಯನ್ನು ಪುರಾಣದಲ್ಲಿ ಹೇಳುವವರೂ ಕೇಳುವವರೂ ಬಹಳ. ಕೇಳಿ ಎದ್ದ ಮೇಲೆ ಊರ ಕಟುಕನಿಗೆ ನಮಸ್ಕಾರ ಹೇಳಿದವರು ಮಾತ್ರ ಕಾಣಸಿಗುವದಿಲ್ಲ.

ಅಭಿಪ್ರಾಯವಿದ್ದ ಮಾತ್ರಕ್ಕೆ ಕೆಲಸವು ಪೂಜೆಯಾಗುವದಿಲ್ಲ. ಅದಕ್ಕೆ ಬೆಲೆ ತೆರಬೇಕಾಗುವದು. ಕನ್ನಡನಾಡಿನಲ್ಲಿ ಕ್ರಿಸ್ತಮತವನ್ನು ಹಿಡಿದವರು ಮೊದಲು ತೆತ್ತ ಬೆಲೆಯು ಕೆಲಸವೇ ಆಗಿತ್ತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1851ರಲ್ಲಿ ಗುಳೇದಗುಡ್ಡಕ್ಕೂ ಬಂದು, ಆ ಶತಮಾನದ ಕೊನೆಯ ಭಾಗದಲ್ಲಿ ವಿಜಯಪುರವನ್ನು ಮುಟ್ಟಿದರು. ದೀಕ್ಷಾಸ್ನಾನವನ್ನು ಪಡೆದವನಿಗೆ ಮನೆಯ ಪಾಲು ತಪ್ಪಿತು, ಬಾವಿಯ ನೀರು ತಪ್ಪಿತು, ಕುಲಕಸಬು ತಪ್ಪಿತು. ಆದಕಾರಣ ಉಪದೇಶಕ್ಕೆ ಬಂದವರು ಮಗ್ಗಗಳನ್ನು ಹೂಡಿಸಬೇಕಾಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ಮಂಗಳೂರಿನಲ್ಲಿ ಹಂಚಿನ ಕಾರಖಾನೆಯನ್ನು ತೆರೆಯಬೇಕಾಯಿತು. ಇಂದು ಅನೇಕ ಗುಡಿಗಳ, ಮಸೀದಿಗಳ, ಶಾಲೆಗಳ ಮೇಲಿರುವ ಮಂಗಳೂರು ಹಂಚಿನ ಮೂಲವು ಹೀಗೆ ಮನೆ ಕಳೆದುಕೊಂಡವರ ಕೈಕೆಲಸದಲ್ಲಿದೆ.

ಈ ವಿಷಯದಲ್ಲಿ ಎರಡು ಮಾತುಗಳುಂಟು. ಹೊಟ್ಟೆಗಾಗಿ ಮತ ಬಿಟ್ಟರೆಂಬ ನಿಂದೆಯು ಹಳೆಯದು. ಹಸಿದವನ ಹೊಟ್ಟೆಯನ್ನು ಹಾಸ್ಯಮಾಡುವದು ಉಂಡವರಿಗೆ ಸುಲಭ. ಆದರೆ ನಿಂದೆಯನ್ನು ತಳ್ಳಿಹಾಕಿದ ಮೇಲೂ ಒಂದು ತೊಡಕು ಉಳಿಯುವದು. ಅನ್ನ ಕೊಡುವ ಕೈಯೂ ಪ್ರಸಾದ ಕೊಡುವ ಕೈಯೂ ಒಂದೇ ಆದಾಗ, ತನ್ನ ಭಕ್ತಿಯು ಯಾವದರ ಕಡೆಗೆಂಬುದು ಉಣ್ಣುವವನಿಗೂ ಸ್ಪಷ್ಟವಾಗದು. ಕೊಡುವವನಿಗಂತೂ ಆಗಲೇ ಆಗದು. ಇದರ ಪರೀಕ್ಷೆಯು 1914ರ ಮಹಾಯುದ್ಧದಿಂದಾಯಿತು. ಜರ್ಮನ್ ಮಿಶನರಿಗಳು ಸೆರೆಗೆ ಹೋದರು. ಕಾರಖಾನೆಗಳು ಮಿಶನ್ನಿನ ಕೈಬಿಟ್ಟು ಬೇರೆಯವರ ಪಾಲಾದವು. ಅನ್ನ ಕೊಡುತ್ತಿದ್ದ ಕೈ ಇಲ್ಲವಾದ ಮೇಲೆಯೂ ಸಭೆಗಳು ಉಳಿದವು. ಭಾನುವಾರದ ಗಂಟೆ ಮೊಳಗಿತು. ನಿಂದಕರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಅಂಥ ಸಭೆಯೊಂದರ ಮಗುವೇ 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ತಿರುಳ್ಗನ್ನಡದ ತಿರುಕನೆಂಬ ಹೆಸರಿನಿಂದ ಅವರು ಪ್ರಸಿದ್ಧರು. ಸಭಾಪಾಲಕನ ಕೆಲಸವೆಂದರೆ ಊರೂರು ತಿರುಗುವದು, ಜನರೊಡನೆ ಮಾತಾಡುವದು. ಆ ತಿರುಗಾಟದಲ್ಲಿಯೇ ಅವರು ಜನರ ಬಾಯಿಂದಲೂ ಓಲೆಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಆರಿಸಿಕೊಳ್ಳುತ್ತ ಹೋದರು. ಸುಮಾರು ಎರಡು ಸಾವಿರವಾದಾಗ, 1924ರಲ್ಲಿ, ಅಚ್ಚುಹಾಕಿಸಿದರು. ಪಾದ್ರಿಗೆ ಸರ್ವಜ್ಞನಿಂದೇನಾಗಬೇಕೆಂದು ಒಳಗಿನವರಿಗೂ, ಸರ್ವಜ್ಞನ ಹೆಸರಿನಲ್ಲಿ ಪಾದ್ರಿ ಏನು ಬಿತ್ತುತ್ತಾನೋ ಎಂದು ಹೊರಗಿನವರಿಗೂ ಅನಿಸುವದು ಸಹಜವೇ. ಇಬ್ಬರಿಗೂ ಅವರು ಕೆಲಸದಿಂದಲೇ ಉತ್ತರ ಕೊಟ್ಟರು. ಅವರಿಗಿಂತ ಒಂದು ವರ್ಷ ಮೊದಲು, 1880ರಲ್ಲಿ, ಅದೇ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಡಿಸಿ, ಮುದ್ರಣಕ್ಕಾಗಿ ಮನೆಯನ್ನೇ ಮಾರಿದರು. ಒಬ್ಬರು ಶಿವನನ್ನು, ಒಬ್ಬರು ಕ್ರಿಸ್ತನನ್ನು ನೆನೆದು ಒಂದೇ ಕಣದಲ್ಲಿ ರಾಶಿ ಮಾಡಿದರೆಂಬುದು ಈ ಜಿಲ್ಲೆಗೆ ಹೆಮ್ಮೆಯ ಸಂಗತಿ.

ಉತ್ತಂಗಿಯವರು ಮುಂದೆ ಸಿದ್ಧರಾಮನ ಸಾಹಿತ್ಯವನ್ನೂ ಸಂಗ್ರಹಿಸಿದರು. ಸೊನ್ನಲಿಗೆಯೆಂದರೆ ಈ ರಸ್ತೆಯ ತುದಿಯಲ್ಲಿರುವ ಸೊಲ್ಲಾಪುರವೇ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಅಲ್ಲಿ ಕೆರೆಯನ್ನು ತೋಡಿಸಿದನು. ಊರ ನಡುವಿನ ಆ ಕೆರೆಯೂ ಅದರೊಳಗಿನ ಗುಡಿಯೂ ಇಂದಿಗೂ ಇವೆ. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭುವು ಅಲ್ಲಿಗೆ ಬಂದು, ಕೆರೆಬಾವಿಗಳನ್ನು ಕಟ್ಟಿ ಪುಣ್ಯ ಕೂಡಿಸುವವನಿಗೆ ಮುಕ್ತಿಯೆಲ್ಲಿಯದೆಂದು ಸಿದ್ಧರಾಮನನ್ನು ಕೆಣಕಿದನು. ಮಣ್ಣು ಹೊರುವದು ಪೂಜೆಯೋ, ಅಹಂಕಾರವೋ? ಈ ಪ್ರಶ್ನೆಯು ಕ್ರೈಸ್ತರನ್ನೂ ಬಿಟ್ಟಿಲ್ಲ. ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ಮನುಷ್ಯನು ನೀತಿವಂತನೆನಿಸುವನೆಂದು ಪೌಲನು ಬರೆದನು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನು ಬರೆದನು. ಹದಿನಾರನೆಯ ಶತಮಾನದಲ್ಲಿ ಲೂಥರನು ಪೌಲನ ಪಕ್ಷವನ್ನು ಹಿಡಿದು ಯುರೋಪವನ್ನೇ ಅಲುಗಾಡಿಸಿದನು. ಆದರೂ ಸನ್ಯಾಸಿಯ ಮಠವಾಸಕ್ಕಿಂತ ದನ ಕರೆಯುವ ಆಳಿನ ಕೆಲಸವು ದೇವರಿಗೆ ಕಡಿಮೆಯಲ್ಲವೆಂದು ಸಾರಿದವನೂ ಆತನೇ. ಅಲ್ಲಮನ ಮಾತಿನಿಂದ ಸಿದ್ಧರಾಮನ ಕೆರೆಯೇನೂ ಬತ್ತಲಿಲ್ಲ. ಕಟ್ಟಿದವನ ಮನಸ್ಸು ಬದಲಾಯಿತು, ನೀರು ಇದ್ದಲ್ಲಿಯೇ ಇದ್ದಿತು.

ಸೊಲ್ಲಾಪುರದಿಂದ ಪುಣೆಯ ಕಡೆಗೆ ರೈಲಿನಲ್ಲಿ ಹೋದರೆ, ದೌಂಡವನ್ನು ದಾಟಿದ ಮೇಲೆ ಕೇಡಗಾವ ಎಂಬ ಸಣ್ಣ ನಿಲ್ದಾಣ ಸಿಗುವದು. ಬಹಳ ಜನ ಅಲ್ಲಿ ಇಳಿಯುವದಿಲ್ಲ. ಕನ್ನಡದ ಕಾಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳ ಜೀವನಯಾತ್ರೆಯು ಅಲ್ಲಿಗೆ ಬಂದು ನಿಂತಿತು. ಪಂಡಿತಾ ರಮಾಬಾಯಿಯವರು 1858ರಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡು ಆ ಅರಣ್ಯವನ್ನು ಸೇರಿದವರು. ಆ ತಾಯಿಯೇ ಮಗಳ ಗುರು. ಹನ್ನೆರಡನೆಯ ವರ್ಷದೊಳಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಹುಡುಗಿಯ ಕಂಠದಲ್ಲಿದ್ದವು. ಪಾಠಶಾಲೆಗಳಲ್ಲಿ ಬೆತ್ತದ ಭಯದಿಂದ ಕಲಿತವರಿಗೆ ಈ ಸಂಖ್ಯೆಯ ಅರ್ಥವು ಚೆನ್ನಾಗಿ ಆಗುವದು.

ಮುಂದೆ ಆ ಕುಟುಂಬವು ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಕಾಲ್ನಡಿಗೆಯಿಂದ ಅಲೆಯಿತು. ಕೂಲಿ ಮಾಡಿ ಬದುಕುವದು ಅವರ ಅಭ್ಯಾಸದಲ್ಲಿರಲಿಲ್ಲ, ದಕ್ಷಿಣೆಯಿಂದಲೇ ಬದುಕು. ಕ್ಷಾಮ ಬಂದಿತು, ದಕ್ಷಿಣೆ ನಿಂತಿತು. ತಂದೆತಾಯಿಗಳೂ ಅಕ್ಕನೂ ಆ ಕಾಲದ ಹಸಿವೆಯಲ್ಲಿಯೇ ತೀರಿಕೊಂಡರು. ಉಳಿದ ಅಣ್ಣತಂಗಿಯರು ನಡೆಯುತ್ತ ನಡೆಯುತ್ತ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಅಲ್ಲಿಯ ಪಂಡಿತರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬಿರುದು ಬಂದಿತು, ಶ್ಲೋಕ ಕಲಿಸಿದ ತಾಯಿ ಅದನ್ನು ನೋಡಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಜಾತಿಯ ಹಂಗಿಲ್ಲದೆ ಬಂಗಾಲದ ವಕೀಲರೊಬ್ಬರ ಕೈಹಿಡಿದರು. 1882ರಲ್ಲಿ ಅವರೂ ಕಾಲರೆಯಿಂದ ಮಡಿದರು. ಮಡಿಲಲ್ಲಿ ಮನೋರಮೆಯೆಂಬ ಕೂಸು.

1883ರಲ್ಲಿ ಇಂಗ್ಲಂಡಕ್ಕೆ ಹೋದಾಗ ಕ್ರೈಸ್ತ ಸನ್ಯಾಸಿನಿಯರು ಅವರಿಗೆ ಆಶ್ರಯವಿತ್ತರು. ಅವರ ಮನಸ್ಸನ್ನು ತಿರುಗಿಸಿದ್ದು ವಾದವಲ್ಲ. ವಾದದಲ್ಲಿ ಅವರನ್ನು ಗೆಲ್ಲುವದು ಯಾರಿಗೂ ಸುಲಭವಾಗಿರಲಿಲ್ಲ. ಲೋಕವು ಪತಿತೆಯರೆಂದು ಕರೆದ ಹೆಂಗಸರನ್ನು ಆ ಸನ್ಯಾಸಿನಿಯರು ತಮ್ಮ ಕೈಯಾರೆ ಉಪಚರಿಸುವದನ್ನು ಅವರು ಕಂಡರು. ಕಂಡು ಕಾರಣವನ್ನು ಕೇಳಿದಾಗ, ಯೇಸುವು ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಕಥೆಯನ್ನು ಓದಿ ಹೇಳಿದರು. ಅದೇ ವರ್ಷ ದೀಕ್ಷಾಸ್ನಾನವಾಯಿತು. ಆದರೂ ಅವರು ಶಾಕಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಯಾತಕ್ಕೆ, ಸಂಸ್ಕೃತವೇಕಾಗಬಾರದೆಂದು ಗುರುಸ್ಥಾನದವರೊಡನೆಯೇ ಜಗಳಾಡಿದರು. ಮತವನ್ನು ಬದಲಿಸಿದರು, ಬೆನ್ನನ್ನು ಬಗ್ಗಿಸಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದು, ಮರುವರ್ಷ ಪುಣೆಗೆ ಸಾಗಿಸಿದರು. ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಬಂದು ಕೂಡುತ್ತಾರೆಂಬ ಸುದ್ದಿ ಹಬ್ಬಿದಾಗ, 1893ರಲ್ಲಿ ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಹಿತೈಷಿಗಳಾಗಿದ್ದ ದೊಡ್ಡವರೂ ದೂರ ಸರಿದರು. ಆ ಪಾಲಕರನ್ನು ಮೂಢರೆನ್ನುವದು ನ್ಯಾಯವಲ್ಲ. ವಿದ್ಯೆಗೆಂದು ಕಳಿಸಿದ ಮಗಳು ಬೇರೆ ದೇವರನ್ನು ಹಿಡಿದು ಬಂದಾಳೆಂಬ ಅಂಜಿಕೆಯು ತಂದೆಗೆ ಸಹಜ. ಬಾಗಿಲು ತೆರೆದಿಟ್ಟು ಪ್ರಾರ್ಥಿಸುವದು ರಮಾಬಾಯಿಯವರಿಗೂ ಅಷ್ಟೇ ಸಹಜ. ಎರಡು ಸಹಜಗಳು ಎದುರಾದಾಗ ನಡುವೆ ಸಿಕ್ಕು ನಲುಗಿದವರು ತಲೆ ಬೋಳಿಸಿಕೊಂಡ ಆ ಬಾಲವಿಧವೆಯರು. ಅವರ ಮಾತನ್ನು ಕೇಳಿ ಬರೆದಿಟ್ಟವರು ಕಡಿಮೆ.

1896ರ ಕ್ಷಾಮ ಬಂದಾಗ ರಮಾಬಾಯಿಯವರು ತಮ್ಮ ತಂದೆತಾಯಿಗಳು ಸತ್ತ ಬಗೆಯನ್ನು ಮರೆತಿರಲಿಲ್ಲ. ಹಸಿದು ದಾರಿಯಲ್ಲಿ ಬಿದ್ದ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾವಿಯ ಹೊಲದಲ್ಲಿ ಇರಿಸಿದರು, ಅದೇ ಮುಕ್ತಿಸದನವಾಯಿತು. 1900ರ ಹೊತ್ತಿಗೆ ಅಲ್ಲಿ ಸಾವಿರದ ಐದುನೂರು ಜನರೂ ನೂರಕ್ಕೂ ಮಿಕ್ಕಿ ದನಗಳೂ ಇದ್ದವು. ಇಲ್ಲಿಯೇ ಅವರ ಭಕ್ತಿಯ ನಿಜವಾದ ಸ್ವರೂಪವು ಕಾಣುವದು. ದಕ್ಷಿಣೆಯ ಮನೆತನದಲ್ಲಿ ಹುಟ್ಟಿದ ಆಕೆ ಒಬ್ಬ ಹುಡುಗಿಯನ್ನೂ ಬರಿಗೈಯಲ್ಲಿ ಕೂರಿಸಲಿಲ್ಲ. ಕೆಲವರು ಹೊಲ ಉತ್ತರು, ಕೆಲವರು ಹಾಲು ಕರೆದರು, ಕೆಲವರು ಮಗ್ಗದಲ್ಲಿ ಕೂತರು, ಕೆಲವರು ಎಣ್ಣೆ ತೆಗೆದರು. ಕುರುಡಿಯರಿಗೆ ಮನೋರಮೆಯು ಬೆರಳಿನಿಂದ ಓದುವ ಅಕ್ಷರಗಳನ್ನು ಕಲಿಸಿದಳು. ಪ್ರಾರ್ಥನೆಯೂ ಆಗುತ್ತಿತ್ತು, ಆದರೆ ರೊಟ್ಟಿ ಬೇಯುವದು ಅದಕ್ಕಾಗಿ ನಿಲ್ಲುತ್ತಿರಲಿಲ್ಲ. 1912ರಲ್ಲಿ ತಾಯಿಮಗಳು ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆದರು. ಮೂವತ್ತೇಳು ವರ್ಷಗಳ ಮೇಲೆ, 1949ರಲ್ಲಿ, ಅದೇ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು.

ದಿನದ ಅನ್ನವನ್ನು ಇಂದು ಕೊಡು ಎಂದು ಕ್ರೈಸ್ತರು ಪ್ರಾರ್ಥಿಸುವರು. ವರ್ಷದ ಕಾಳನ್ನು ಬೇಡುವದಿಲ್ಲ. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲರಿಗೆ ಸುರಿದ ಮನ್ನವನ್ನು ನಾಳೆಗೆಂದು ಬಚ್ಚಿಟ್ಟವರಿಗೆ ಬೆಳಗಾಗುವದರೊಳಗೆ ಹುಳ ಕಂಡವು. ಕಲ್ಯಾಣದ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದೆ ಕಳಿಸಿದಳು. ಸಾವಿರದ ಐದುನೂರು ಬಾಯಿಗಳನ್ನು ಕಟ್ಟಿಕೊಂಡ ರಮಾಬಾಯಿಯವರ ಮನೆಯ ಲೆಕ್ಕವೂ ಹೆಚ್ಚುಕಡಿಮೆ ಲಕ್ಕಮ್ಮನ ಮೊರದ ಲೆಕ್ಕವೇ ಆಗಿತ್ತು.

ಇಷ್ಟರ ನಡುವೆ ಅವರು ಗ್ರೀಕವನ್ನೂ ಇಬ್ರಿಯವನ್ನೂ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನು ತಿರುಗಿಸಲು ಕೂತರು. ಹದಿನೈದು ವರ್ಷಕ್ಕೂ ಮಿಕ್ಕಿದ ಕೆಲಸವದು. 1921ರಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡಳು. ಮಗಳನ್ನು ಮಣ್ಣುಮಾಡಿ ಬಂದ ತಾಯಿಯು ಮತ್ತೆ ಕರಡು ತಿದ್ದುವದಕ್ಕೆ ಕೂತಳು. 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ಹೋದರು. ಆ ಪುಸ್ತಕದ ಮೊಳೆಗಳನ್ನು ಜೋಡಿಸಿ ಅಚ್ಚು ಒತ್ತಿದವರು, ಕ್ಷಾಮದ ದಾರಿಯಿಂದ ಬಂದು ಸದನದಲ್ಲಿ ಅಕ್ಷರ ಕಲಿತ ಹೆಂಗಸರು.