ಚಾವಡಿ ಮೂಲೆಯ ಸುರಂಗ

ಈ ಸಲ ಚೌತಿಗೆ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ. "ಇದೆಂತ ಮಾರಾಯ್ತಿ, ಚಾವಡಿ ಮೂಲೆಯಲ್ಲಿ ಗುಡ್ಡೆ?" ಕೆಲವರು ಗಣಪತಿಗೆ ಮಾಡಿದ ಅಲಂಕಾರ ಅಂದುಕೊಂಡ್ರು. ದೊಡ್ಡಮ್ಮನಿಗೆ ಕಣ್ಣು ಸರಿ ಕಾಣುದಿಲ್ಲ, ಅವರು ಹುತ್ತ ಎದ್ದಿದೆ ಅಂತಲೇ ಗ್ರಹಿಸಿದ್ರು. ಒಬ್ಬೊಬ್ಬರಿಗೆ ಹೇಳಿ ಹೇಳಿ ನಂಗೆ ಸಾಕಾಯ್ತು, ಹಾಗೆ ಇಲ್ಲಿ ಬರೆಯುದು. ಅದು ನಮ್ಮ ಮಾಣಿಯ ಲೆಗೊ ರೈಲಿಗೆ ಮಾಡಿದ ಸುರಂಗ. ಹೇಗೆ ಮಾಡಿದ್ದು, ಎಂತಕ್ಕೆ ಮಾಡಿದ್ದು, ಎರಡೂ ಹೇಳ್ತೇನೆ.

ಮೊದಲು ಎಂತಕ್ಕೆ ಅಂತ. ಇವರು ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿರುದು ನಿಮಗೆಲ್ಲ ಗೊತ್ತುಂಟು. ವರ್ಷಕ್ಕೆ ಎರಡು ಸಲ ಬಂದು ಹೋಗ್ತಾರೆ. ನಮ್ಮ ಇನ್ನಂಜೆಯಲ್ಲಿ ಸ್ಟೇಷನ್ ಉಂಟು, ಆದ್ರೆ ಮುಂಬಯಿಯ ದೊಡ್ಡ ರೈಲು ಹಿಡಿಲಿಕ್ಕೆ ಉಡುಪಿಯ ಇಂದ್ರಾಳಿಗೇ ಹೋಗುದು. ರೈಲಿನಲ್ಲಿ ಕೂತು ಇವರು ಮಾಣಿಗೆ ಫೋನ್ ಮಾಡ್ತಾರೆ. ರತ್ನಾಗಿರಿ ಹತ್ತಿರ ಬಂದಾಗ ಸ್ವರ ತುಂಡು ತುಂಡಾಗಿ, ಮತ್ತೆ ಏನೂ ಇಲ್ಲ. "ಸುರಂಗ ಬಂತು ಮಗಾ" ಅಂತ ನಾನು ಯಾವಾಗಲೂ ಹೇಳುದು.

ಮೇ ತಿಂಗಳ ರಜೆ ಮುಗಿಸಿ ಇವರು ಹೋದ ಮೇಲೆ ಒಂದು ವಾರ ಮಾಣಿ ಫೋನಿಗೇ ಬರ್ಲಿಲ್ಲ. ಕೇಳಿದ್ರೆ ಹೇಳಿದ್ದೆಂತ ಗೊತ್ತುಂಟಾ? "ಸುರಂಗ ಅಂತ ಎಂತದೂ ಇಲ್ಲ. ಅಪ್ಪನಿಗೆ ಮಾತಾಡಿ ಸಾಕಾದ್ರೆ ಕಟ್ ಮಾಡುದು, ನೀನು ಸುಮ್ಮನೆ ಹೇಳುದು." ಏಳು ವರ್ಷದ ಮಗು. ಅವನು ಮುಂಬಯಿಗೆ ಹೋದದ್ದು ಎರಡು ವರ್ಷದವನಿದ್ದಾಗ, ಅದೂ ನಿದ್ರೆಯಲ್ಲಿ. ಇನ್ನಂಜೆಯ ಸುತ್ತಮುತ್ತ ಇರುದು ಗದ್ದೆ, ತೋಟ, ಮುರಕಲ್ಲಿನ ದರೆ. ಸುರಂಗ ಇಲ್ಲ. ನೋಡದ್ದನ್ನು ಅವನು ನಂಬುದಾದರೂ ಹೇಗೆ?

ಆಗ ನೆನಪಾದದ್ದು ನಾದಿನಿ ದುಬಾಯಿಯಿಂದ ತಂದುಕೊಟ್ಟ ರೈಲು. ಇಟ್ಟಿಗೆ ಜೋಡಿಸಿ ಮಾಡುವಂಥದ್ದು, ಹಳಿ ಸಮೇತ. ಆಟಿಯ ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ನಾನೂ ಮಾಣಿಯೂ ಕೂತು ಸುರಂಗ ಕಟ್ಟಿದೆವು.

ಒಂದು ವಿಷಯ ಮೊದಲೇ ಹೇಳ್ತೇನೆ. ರಟ್ಟಿನ ಡಬ್ಬಿಗೆ ಎರಡು ತೂತು ಮಾಡಿ ಹಳಿಯ ಮೇಲೆ ಕವುಚಿ ಹಾಕಿದ್ರೆ ಅದು ಸುರಂಗ ಆಗುದಿಲ್ಲ. ಎಂಜಿನ್ ಆ ಕಡೆಯಿಂದ ಹೊರಗೆ ಬರುವಾಗ ಹಿಂದಿನ ಬೋಗಿ ಇನ್ನೂ ಈ ಕಡೆ ಕಾಣ್ತಾ ಇರ್ತದೆ. ಸುರಂಗ ಅಂದ್ರೆ ರೈಲು ಒಂದು ಗಳಿಗೆ ಪೂರ್ತಿ ಮಾಯ ಆಗ್ಬೇಕು. ಮಾಣಿಗೆ ತೋರಿಸ್ಬೇಕಾದದ್ದೂ ಅದೇ ಅಲ್ವಾ. ಹಾಗಾಗಿ ರೈಲಿಗಿಂತ ಉದ್ದದ ಸುರಂಗ ಬೇಕು. ನಮ್ಮ ರೈಲು ಅಳೆದ್ರೆ 67 ಸೆಂ.ಮೀ. ಒಂದು ನೇರ ಹಳಿ 12.8 ಸೆಂ.ಮೀ. ಬರೀ ನೇರ ಹಳಿಯಲ್ಲೇ ಮಾಡುದಾದ್ರೆ ಆರು ಹಳಿ ಬೇಕು, ನಮ್ಮಲ್ಲಿ ಅಷ್ಟಿಲ್ಲ. ಬಗ್ಗಿದ ಹಳಿ ಬೇಕಾದಷ್ಟುಂಟು, 16 ಜೋಡಿಸಿದ್ರೆ ಒಂದು ಪೂರ್ತಿ ಸುತ್ತು. ಅದರಲ್ಲಿ ನಾಲ್ಕು ಅಂದ್ರೆ ಕಾಲು ಸುತ್ತು, ಸುಮಾರು 50 ಸೆಂ.ಮೀ. ಅದರ ಎರಡೂ ಕಡೆ ಒಂದೊಂದು ನೇರ ಹಳಿ ಇಟ್ಟರೆ 76 ಸೆಂ.ಮೀ. ಆಗ್ತದೆ. ಗುಡ್ಡೆ ಚಾವಡಿ ಮೂಲೆಗೆ ಹೋದದ್ದು ಹಾಗೆ. ಮೂಲೆಯಲ್ಲಿ ಇದ್ರೆ ಗುಡಿಸುವಾಗಲೂ ಕಾಲಿಗೆ ಸಿಕ್ಕುದಿಲ್ಲ.

ಇನ್ನು ಅಗಲ. ತಿರುವಿನಲ್ಲಿ ಬೋಗಿಯ ನಡು ಒಳಗಡೆಗೆ ಚಾಚ್ತದೆ, ಮೂತಿ ಮತ್ತು ಬಾಲ ಹೊರಗಡೆಗೆ ಚಾಚ್ತದೆ. ಬಸ್ಸು ತಿರುಗುವಾಗ ಹಿಂದಿನ ಮೂಲೆ ಹೊರಗೆ ಬರ್ತದಲ್ಲ, ಹಾಗೆ. ಇದಕ್ಕೆ ಲೆಕ್ಕ ಹಾಕುದೇ ಬೇಡ. ಹಳಿಯ ಅಡಿಗೆ ಹಳೇ ಕ್ಯಾಲೆಂಡರಿನ ಹಾಳೆ ಹಾಸಿ, ಉದ್ದದ ಬೋಗಿಯ ಬದಿಗಳಿಗೆ ಪೆನ್ಸಿಲ್ ತುಂಡುಗಳನ್ನು ಟೇಪಿನಲ್ಲಿ ಅಂಟಿಸಿ, ಕೈಯಲ್ಲೇ ಮೆಲ್ಲ ತಳ್ಳಿದ್ರಾಯ್ತು. ಗೆರೆ ತನ್ನಷ್ಟಕ್ಕೆ ಬೀಳ್ತದೆ. ಎಲ್ಲಕ್ಕಿಂತ ಹೊರಗಿನ ಗೆರೆಯಿಂದ ಒಂದು ಸೆಂ.ಮೀ. ಆಚೆಗೆ ಗೋಡೆ. ನಿಜವಾದ ರೈಲಿಗೂ ತಿರುವಿನಲ್ಲಿ ಹೀಗೆಯೇ ಹೆಚ್ಚು ಜಾಗ ಬಿಡ್ತಾರೆ.

ಸುರಂಗದ ಎರಡು ಬಾಯಿ ಮತ್ತು ಗೋಡೆ ಮಾತ್ರ ಲೆಗೊ ಇಟ್ಟಿಗೆಯದ್ದು. ಇಡೀ ಗುಡ್ಡೆ ಇಟ್ಟಿಗೆಯಲ್ಲೇ ಕಟ್ಟುವವರೂ ಉಂಟು, ಆದ್ರೆ ಅದಕ್ಕೆ ಚೀಲಗಟ್ಟಲೆ ಇಟ್ಟಿಗೆ ಬೇಕು. ನಾವು ಅಕ್ಕನ ಮಗನ ಹಳೇ ಇಟ್ಟಿಗೆ ಕೇಳಿ ತಂದೆವು. ಈ ಇಟ್ಟಿಗೆಯ ಗುಣ ಅದೇ. 1958ರಲ್ಲಿ ಡೆನ್ಮಾರ್ಕಿನಲ್ಲಿ ಪೇಟೆಂಟ್ ಆದ ಅಳತೆ ಇವತ್ತಿಗೂ ಬದಲಾಗ್ಲಿಲ್ಲ, ಅಣ್ಣನ ಇಟ್ಟಿಗೆ ತಮ್ಮನದ್ದಕ್ಕೆ ಕೂಡ್ತದೆ. ಬಾಯಿಗೆ ಕಮಾನು ಬೇಕಲ್ಲ? ಹದಿನಾಲ್ಕು ಬೊಟ್ಟಿನಷ್ಟು ಅಗಲ ಬಿಟ್ಟು ಎಂಟು ಸಾಲು ನೇರ ಏರಿಸಿದೆವು. ಇಟ್ಟಿಗೆಯ ಮೇಲಿನ ಉರುಟು ಗುಬ್ಬಿಗೆ ನಾವು ಬೊಟ್ಟು ಅನ್ನುದು. ಎಂಟರ ಮೇಲೆ ಪ್ರತಿ ಸಾಲನ್ನೂ ಎರಡೂ ಕಡೆಯಿಂದ ಒಂದೊಂದು ಬೊಟ್ಟು ಒಳಗೆ ಸರಿಸುತ್ತಾ ಹೋದ್ರೆ ಏಳನೇ ಸಾಲಿಗೆ ಎರಡೂ ಕಡೆ ಕೂಡ್ತದೆ. ಹಿಂದಿನ ಬಾಲ ಉದ್ದ ಇರುವ ಇಟ್ಟಿಗೆ ಹಾಕ್ಬೇಕು, ಇಲ್ಲದಿದ್ರೆ ಮುಂದಕ್ಕೆ ಮಗುಚ್ತದೆ.

ಗುಡ್ಡೆ ಮಾತ್ರ ಥರ್ಮೋಕೋಲ್. ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದದ್ದು ಅಟ್ಟದಲ್ಲಿತ್ತು. ಅದನ್ನು ತುಂಡು ಮಾಡಿ ಅಂಟಿಸಿ, ಮೇಲೆ ಪೇಪರ್ ಚೂರುಗಳನ್ನು ಮೈದಾ ಅಂಟಿನಲ್ಲಿ ನಾಲ್ಕು ಪದರ ಹಚ್ಚಿದೆವು. ಮೈದಾಕ್ಕೆ ಹುಳ ಬಾರದ ಹಾಗೆ ಮೈಲುತುತ್ತು ಹಾಕುವ ಕ್ರಮ ಉಂಟು. ಅದು ವಿಷ, ಮಕ್ಕಳು ಕೈ ಹಾಕುವಲ್ಲಿ ಬೇಡ. ಕೊನೆಯ ಪದರಕ್ಕೆ ನೀರು ಬೆರೆಸಿದ ಫೆವಿಕಾಲ್ ಸಾಕು. ಥರ್ಮೋಕೋಲಿಗೆ ನೀರಿನ ಬಣ್ಣವೇ ಆಗ್ಬೇಕು. ಎಣ್ಣೆ ಬಣ್ಣ, ಸ್ಪ್ರೇ ಬಣ್ಣ ತಾಗಿದ್ರೆ ಅದು ಕರಗಿ ಹೊಂಡ ಬೀಳ್ತದೆ.

ಒಂದು ಮುಖ್ಯ ಸಂಗತಿ: ಗುಡ್ಡೆಯನ್ನು ಗೋಡೆಗೆ ಅಂಟಿಸ್ಲಿಕ್ಕಿಲ್ಲ. ಪಾತ್ರೆಯ ಮುಚ್ಚಳದ ಹಾಗೆ ಎರಡು ಕೈಯಲ್ಲಿ ಎತ್ತಿ ಇಡುವ ಹಾಗಿರ್ಬೇಕು. ರೈಲು ಹಳಿ ತಪ್ಪುದು ಯಾವಾಗಲೂ ಕೈ ಹೋಗದ ಜಾಗದಲ್ಲೇ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಉಪದ್ರ ಬೆಕ್ಕಿನ ಮರಿಯದ್ದು. ಬೆಚ್ಚಗೆ ಉಂಟು ಅಂತ ಒಳಗೆ ಹೋಗಿ ಮಲಗ್ತದೆ. ರಾತ್ರಿಗೆ ಎರಡೂ ಬಾಯಿಗೆ ಹಳೇ ಬಟ್ಟೆ ತುರುಕಿಡುದು.

ಗುಡ್ಡೆಯ ಅಂದಕ್ಕೆ ಬರುವಾ. ಪೆಟ್ಟಿಗೆಯ ಮೇಲಿನ ಚಿತ್ರದ ಹಾಗೆ ಬೇಡ, ನಮ್ಮ ಊರಿನ ಹಾಗೆ ಇರ್ಲಿ ಅಂತ ಮಾಣಿಯೇ ಹೇಳಿದ್ದು. ಹಾಗೆ ಕಡಿದ ದರೆಗೆ ಮುರಕಲ್ಲಿನ ಬಣ್ಣ. ಅದಕ್ಕೆ ಕೆಮ್ಮಣ್ಣು ಜರಡಿ ಹಿಡಿದು ಫೆವಿಕಾಲಿನ ಮೇಲೆ ಉದುರಿಸಿದ್ದು, ಬಣ್ಣವೇ ಬೇಕಾಗ್ಲಿಲ್ಲ. ನೆಲಕ್ಕೆ ಒಣಗಿಸಿದ ಚಾ ಹುಡಿಯ ಚರಟ. ಹುಲ್ಲಿಗೆ ಮರದ ಮಿಲ್ಲಿನ ಹುಡಿಯನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ್ದು. ಕಂಪೌಂಡ್ ಗೋಡೆಯ ಪಾಚಿ ಕಿತ್ತು ಹಾಕುವಾ ಅಂತ ಎಲ್ಲರಿಗೂ ಆಸೆ ಆಗ್ತದೆ. ಅದು ಎಂಟು ದಿನದಲ್ಲಿ ಒಣಗಿ ಕಂದು ಆಗ್ತದೆ, ಬೇಡ. ಮರಕ್ಕೆ ನಾನು ಒಣಗಿದ ತುಳಸಿ ಕಡ್ಡಿ ತೆಗೆಯುವಾಗ ಅತ್ತೆ ಒಳಗಿನಿಂದಲೇ ಬೊಬ್ಬೆ ಹಾಕಿದ್ರು. "ತುಳಸಿ ಆಟಕ್ಕಲ್ಲ!" ಆಮೇಲೆ ಅವರೇ ತೆಂಗಿನ ನಾರು ಬಿಡಿಸಿ, ಕಡ್ಡಿಗೆ ಸುತ್ತಿ, ಸಾಲಾಗಿ ಹನ್ನೊಂದು ಮರ ಮಾಡಿಕೊಟ್ರು. ಲಾಯ್ಕ ಆಗಿದೆ. ನೋಡಿದವರು ಗಾಳಿ ಮರ ಅಂತಾರೆ.

ಅಂಟು ಒಣಗ್ಲಿಕ್ಕೆ ಮಳೆಗಾಲದಲ್ಲಿ ಮೂರು ದಿನ ಬೇಕು. ಆ ಮೂರು ದಿನ ಮಾಣಿಗೆ ನಿಜವಾದ ಸುರಂಗದ ಕಥೆ ಹೇಳಿದೆ. ನಮ್ಮ ಕೊಂಕಣ ರೈಲು ಮಹಾರಾಷ್ಟ್ರದ ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿ.ಮೀ., ಅದರಲ್ಲಿ 90ಕ್ಕೂ ಮಿಕ್ಕಿ ಸುರಂಗ. ತೋಕೂರಿನಿಂದ ಉಡುಪಿಗೆ, ಅಂದ್ರೆ ನಮ್ಮ ಇನ್ನಂಜೆಯ ಮೇಲಾಗಿ, 1993ರಲ್ಲೇ ರೈಲು ಓಡಿತು. ಪೂರ್ತಿ ದಾರಿ ಆದದ್ದು 1998ರ ಜನವರಿಗೆ. ನಡುವಿನ ಐದು ವರ್ಷ ತಿಂದದ್ದರಲ್ಲಿ ಸುರಂಗದ ಪಾಲು ದೊಡ್ಡದು. ಸಹ್ಯಾದ್ರಿಯ ಗಟ್ಟಿ ಕಲ್ಲು ಕೊರೆಯಲು ಸ್ವೀಡನ್ನಿನಿಂದ ಯಂತ್ರ ತಂದರು, ಅದು ಕೊರೆಯಿತು. ಕಷ್ಟ ಕೊಟ್ಟದ್ದು ಮೆತ್ತನೆ ಮಣ್ಣು. ಅಂಥ ಒಂಬತ್ತು ಸುರಂಗಗಳಲ್ಲಿ ನೀರು ತುಂಬಿದ ಜೇಡಿ, ಅಗೆದಷ್ಟೂ ಕುಸಿಯುದು. ಕೈಯಲ್ಲೇ ಸ್ವಲ್ಪ ಸ್ವಲ್ಪ ಅಗೆದು ಮಾಡಿದ್ದು. ಆ ಒಂಬತ್ತರಲ್ಲೇ 19 ಜನ ಸತ್ತರು. ಗೋವಾದ ಪೆರ್ನೆಮ್ ಸುರಂಗದಲ್ಲಿ 2024ರ ಜುಲೈಯ ಮಳೆಗೂ ನೀರು ಒಸರಿ ರೈಲು ನಿಂತಿತ್ತು. "ಅವರಿಗೆ ಮುಚ್ಚಳ ತೆಗೀಲಿಕ್ಕೆ ಆಗುದಿಲ್ಲ ಅಲ್ವಾ ಅಮ್ಮ" ಅಂತ ಮಾಣಿ ಕೇಳಿದ. ಆಗುದಿಲ್ಲ ಮಗಾ.

ಎಲ್ಲಕ್ಕಿಂತ ಉದ್ದದ್ದು ರತ್ನಾಗಿರಿ ಹತ್ತಿರದ ಕರಬುಡೆ, ಆರೂವರೆ ಕಿ.ಮೀ. ನಮ್ಮ ಆಟದ ಹಳಿಯ ಅಗಲ 37.5 ಮಿ.ಮೀ., ನಿಜವಾದ ಹಳಿಯದ್ದು 1676 ಮಿ.ಮೀ. ಅಂದ್ರೆ ಸುಮಾರು 45 ಪಾಲು ದೊಡ್ಡದು. ಆ ಲೆಕ್ಕದಲ್ಲಿ ಕರಬುಡೆಯನ್ನು ಮನೆಯಲ್ಲಿ ಮಾಡಿದ್ರೆ 145 ಮೀಟರ್ ಉದ್ದ ಆಗ್ತದೆ. ಮಾಣಿ ಅಂಗಳದಿಂದ ಹೆಜ್ಜೆ ಅಳೆಯುತ್ತಾ ಹೊರಟವನು ತೋಟ ದಾಟಿ ಗದ್ದೆ ಹುಣಿಯಲ್ಲಿ ನಿಂತು "ಇಲ್ಲಿವರೆಗಾ?" ಅಂತ ಕೂಗಿದ. ಗಂಟೆಗೆ 75 ಕಿ.ಮೀ. ಓಡುವ ರೈಲಿಗೂ ಅದನ್ನು ದಾಟ್ಲಿಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಕು. ಆ ಲೆಕ್ಕ ಅವನೇ ಮಾಡಿದ್ದು, ನಾನು ಭಾಗಾಕಾರಕ್ಕೆ ಮಾತ್ರ ಸಹಾಯ ಮಾಡಿದೆ.

ಗುಡ್ಡೆ ಇಟ್ಟು ರೈಲು ಬಿಟ್ಟೆವು. ಒಳಗೆ ಹೋಯ್ತು. ಬಾಲದ ಬೋಗಿಯೂ ಹೋಯ್ತು. ಚಾವಡಿಯಲ್ಲಿ ಬರೀ ಗುಡ್ಡೆ, ಒಳಗಿನಿಂದ ಗರಗರ ಸದ್ದು. ಮಾಣಿ ಉಸಿರು ಹಿಡಿದು ಆ ಕಡೆಯ ಬಾಯಿ ನೋಡ್ತಾ ಇದ್ದ. ಮೂತಿ ಕಂಡದ್ದೇ ಕುಣಿದ. ಮತ್ತೆ ಅವನ ಆಟ ಬೇರೆಯೇ ಆಯ್ತು. ರಿಮೋಟಿನಲ್ಲಿ ರೈಲನ್ನು ಗುಡ್ಡೆಯ ಒಳಗೇ ನಿಲ್ಲಿಸುದು, ಎಣಿಸುದು, ಮತ್ತೆ ಹೊರಡಿಸುದು. ಇವನದ್ದು ಬ್ಲೂಟೂತ್ ರಿಮೋಟು, ಥರ್ಮೋಕೋಲು ಅದಕ್ಕೆ ಲೆಕ್ಕಕ್ಕಿಲ್ಲ. ಅಕ್ಕನ ಮಗನಲ್ಲಿ ಇದ್ದ ಹಳೇ ಮಾದರಿ ಟಿವಿ ರಿಮೋಟಿನ ಹಾಗೆ ಬೆಳಕಿನದ್ದು, ಗುಡ್ಡೆಯ ಒಳಗೆ ಹೋದ್ರೆ ಮಾತು ಕೇಳುದಿಲ್ಲ. ಅದನ್ನೂ ತಂದು ಓಡಿಸಿ ನೋಡಿದ. ಗುಂಡಿ ಒತ್ತಿದ್ರೂ ರೈಲು ನಿಲ್ಲದೆ ಹೋದಾಗ ನನ್ನ ಮುಖ ನೋಡಿ ಹೇಳಿದ, "ಅಪ್ಪನ ಫೋನಿನ ಹಾಗೆ." ನಾನು ಹೌದು ಅಂದೆ, ಅಷ್ಟೇ.

ಚೌತಿಗೆ ಇವರು ಹೊರಟ ರಾತ್ರಿ ಫೋನ್ ಬಂತು. ಮಾಣಿ ಓಡಿ ಬಂದು ತೆಗೆದ. ಶಾಲೆಯ ಕಥೆ ಅರ್ಧ ಆಗುವಾಗ ಕಟ್ ಆಯ್ತು. ನಾನು ಬಾಯಿ ತೆರೀಲಿಲ್ಲ. ಅವನು ಫೋನ್ ಮಡಿಲಲ್ಲಿ ಇಟ್ಟು ಗೋಡೆ ಗಡಿಯಾರ ನೋಡ್ತಾ ಕೂತ. ಒಂದು ನಿಮಿಷಕ್ಕೆ ಮತ್ತೆ ರಿಂಗ್ ಆಯ್ತು. "ಇದು ಸಣ್ಣ ಸುರಂಗ ಅಪ್ಪಾ, ಕರಬುಡೆ ಅಲ್ಲ" ಅಂತ ಹೇಳಿ, ಕಥೆ ಬಿಟ್ಟಲ್ಲಿಂದ ಮುಂದುವರಿಸಿದ. ಮತ್ತೂ ಎರಡು ಸಲ ಕಟ್ ಆಯ್ತು. ಎರಡು ಸಲವೂ ಕಾದ.

ಖರ್ಚು ಕೇಳುವವರಿಗೆ: ಫೆವಿಕಾಲ್, ಎರಡು ಡಬ್ಬಿ ನೀರಿನ ಬಣ್ಣ, ಮತ್ತೆ ರೈಲಿಗೆ ಟಿವಿ ರಿಮೋಟಿಗೆ ಹಾಕುವಂಥ ಸಣ್ಣ ಸೆಲ್ಲು ಆರು. ಉಳಿದದ್ದೆಲ್ಲ ಮನೆಯದ್ದೇ. ಮಳೆಗಾಲ ಮುಗಿಯುವವರೆಗೆ ಗುಡ್ಡೆಯನ್ನು ವಾರಕ್ಕೊಮ್ಮೆ ಮಗುಚಿ, ಒಲೆಯ ಬಿಸಿ ತಾಗುವ ಜಾಗದಲ್ಲಿ ಸ್ವಲ್ಪ ದೂರ ಇಟ್ಟು ಒಣಗಿಸ್ಬೇಕು, ಇಲ್ಲದಿದ್ರೆ ಮೈದಾ ಬೂಸು ಹಿಡೀತದೆ. ಈಗ ಮಾಣಿಗೆ ಹೊನ್ನಾವರದ ಶರಾವತಿ ಸೇತುವೆ ಬೇಕಂತೆ. ಅದು ಎರಡು ಕಿ.ಮೀ.ಗೂ ಮಿಕ್ಕಿ, ನಮ್ಮ ಲೆಕ್ಕದಲ್ಲಿ 46 ಮೀಟರ್! ಅಷ್ಟು ಆಗ್ಲಿಕ್ಕಿಲ್ಲ, ಒಂದು ಗಜದ್ದು ಮಾಡುವಾ ಅಂತ ಒಪ್ಪಿಸಿದ್ದೇನೆ. ಯಾರ ಮನೆಗಾದ್ರೂ ಹೊಸ ಫ್ರಿಜ್ಜೋ ವಾಷಿಂಗ್ ಮಷೀನೋ ಬಂದ್ರೆ ಥರ್ಮೋಕೋಲ್ ಬಿಸಾಡ್ಬೇಡಿ ಮಾರಾಯ್ತಿಯರೇ, ನಮಗೆ ಒಂದು ಮಾತು ಹೇಳಿ.