ಕಾರ್ಡಿಗಿಂತ ತಾರು ಜಲ್ದಿ

ನಮ್ಮ ಮನೆಗೆ ಕರೆಂಟು ಬರುವ ಮೊದಲೇ ಊರ ಶಾಲೆಗೆ ಟಿವಿ ಬಂದಿತ್ತು. ಅದು 1975ರ ಮಾತು. ನಾಸಾದಿಂದ ಒಂದು ವರ್ಷದ ಮಟ್ಟಿಗೆ ಕಡ ತಂದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಆಗ ನಡೆಯಿತು. ‘ಸೈಟ್’ ಅಂತ ಅದರ ಹೆಸರು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ಸಿಕ್ಕಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ ಅಂದರೆ ಈಗಿನ ಹುಡುಗರು ನಂಬುವುದಿಲ್ಲ. ಶಾಲೆಯ ಮಾಳಿಗೆ ಮೇಲೆ ಹತ್ತು ಅಡಿ ಅಗಲದ ಆಂಟೆನಾ ನಿಲ್ಲಿಸಿದ್ದರು. ಕೋಳಿ ಸಾಕುವವರು ತರುವ ತಂತಿಬಲೆಯಿಂದಲೇ ಅದನ್ನು ಮಾಡಿದ್ದರು.

ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು. ಸಂಜೆ ಮುತ್ಯಾ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ, ಆಯಿ ಹೆಂಗಸರ ಕಡೆ. ಬೀಡಿ ಹೊಗೆ, ಕಂದೀಲಿನ ಸೀಮೆಎಣ್ಣೆ, ಸೀರೆ ಸೆರಗಿಗೆ ಹತ್ತಿದ ಕುಸುಬಿ ಎಣ್ಣೆಯ ಒಗ್ಗರಣೆ, ಕಾದ ಟಿವಿಯೊಳಗಿನ ಧೂಳು ಎಲ್ಲ ಸೇರಿ ಆ ಕೋಣೆಗೆ ಒಂದು ವಾಸನೆ ಇತ್ತು. ಟಿವಿಯ ಬೀಗದ ಕೈ ಇಟ್ಟುಕೊಂಡಿದ್ದ ಮಾಸ್ತರು ಒಬ್ಬೊಬ್ಬ ಹುಡುಗನಿಗೆ ಒಂದೊಂದು ಕೆಲಸ ಹಚ್ಚುತ್ತಿದ್ದರು. ದನಿ ಏರಿಸಲು ವಾಲ್ಯೂಮ್, ಬೆಳಕಿಗೆ ಬ್ರೈಟ್‌ನೆಸ್, ಚಿತ್ರ ಮೇಲಿಂದ ಕೆಳಗೆ ಉರುಳತೊಡಗಿದರೆ ವರ್ಟಿಕಲ್ ಹೋಲ್ಡ್. ಇಂಗ್ಲಿಷಿನ ಎಬಿಸಿಡಿ ಪೂರ್ತಿ ತಿದ್ದುವ ಮೊದಲೇ ಈ ಶಬ್ದಗಳು ನಮ್ಮ ಬಾಯಿಗೆ ಬಂದವು.

1976ರ ಜುಲೈ ಕೊನೆಗೆ ಪ್ರಯೋಗದ ಅವಧಿ ಮುಗಿಯಿತು. ಉಪಗ್ರಹವನ್ನು ಅದರ ಒಡೆಯರು ಬೇರೆ ಕಡೆ ಸರಿಸಿಕೊಂಡರು. ಮಾಸ್ತರು ಟಿವಿಯ ಮೇಲೆ ಒಂದು ಹಳೆ ಕೌದಿ ಹೊದಿಸಿ ಬಾಗಿಲು ಹಾಕಿದರು. ಮರುವರ್ಷ ಗುಲಬರ್ಗಾದಲ್ಲೇ ಪ್ರಸಾರ ಕೇಂದ್ರವಾದ ಮೇಲೆ ಕೌದಿ ತೆಗೆದರು. ಈ ಸಲ ಮಾಳಿಗೆ ಮೇಲಿನ ಆ ದೊಡ್ಡ ಬಲೆ ಬೇಕಾಗಲಿಲ್ಲ.

ಆಗ ನಮಗೆ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ಇಯತ್ತೆಯಲ್ಲಿ. ವಿಶೇಷಣದ ಮೂರು ಮೆಟ್ಟಿಲು, ಅಂದರೆ ಟಾಲ್, ಟಾಲರ್, ಟಾಲೆಸ್ಟ್ ಮನಸ್ಸಿಗೆ ನಾಟಿದ್ದು ಹೈಸ್ಕೂಲಿಗೆ ಹೋದ ಮೇಲೆ. ಅಲ್ಲಿಯ ಇಂಗ್ಲಿಷ್ ಮಾಸ್ತರು ಪುಸ್ತಕದ ಉದಾಹರಣೆ ಓದಿಸಿ ಬದಿಗಿಟ್ಟು, “ಈಗ ನಿಮ್ಮ ಮನೀ ಸಾಮಾನು ತಗೊಂಡು ಹೇಳ್ರಿ” ಅನ್ನುತ್ತಿದ್ದರು. ಬಾವಿ ಹಗೇವಿಗಿಂತ ಆಳ: ‘ದ ವೆಲ್ ಈಸ್ ಡೀಪರ್ ದ್ಯಾನ್ ದ ಹಗೇವು.’ ತತ್ರಾಣಿಯ ನೀರು ಕೊಡದ ನೀರಿಗಿಂತ ತಂಪು: ‘ಕೂಲರ್ ದ್ಯಾನ್.’ ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಯಾರೂ ಕೇಳಲಿಲ್ಲ. ಅದು ಹಾಗೇ ವಾಕ್ಯದೊಳಗೆ ಇಳಿಯಿತು. ಸಣ್ಣ ಶಬ್ದಕ್ಕೆ ಬಾಲ ಹಚ್ಚುವುದು, ಉದ್ದ ಶಬ್ದದ ಮುಂದೆ ಮೋರ್ ಇಡುವುದು, ಬಿಗ್ ಬಿಗ್ಗರ್ ಆಗುವಾಗ ‘ಜಿ’ ಎರಡಾಗುವುದು, ಇಷ್ಟನ್ನು ನಾವು ದಾರಿಯಲ್ಲಿ ನಡೆಯುತ್ತ ಒಬ್ಬರನ್ನೊಬ್ಬರು ಕೇಳಿಕೊಂಡೇ ಗಟ್ಟಿ ಮಾಡಿದೆವು. ಮುಂದೆ ಎಷ್ಟೋ ವ್ಯಾಕರಣದ ಪುಸ್ತಕ ನೋಡಿದೆ. ಅದಕ್ಕಿಂತ ಒಳ್ಳೆಯ ಪಾಠಕ್ರಮ ನನಗೆ ಸಿಗಲಿಲ್ಲ.

1980ರಲ್ಲಿ ಒಂದು ದಿನ ಅವರು ಹಲಗೆಯ ಮೇಲೆ ಸುದ್ದಿ ಸಾಗಿಸುವ ಸಾಧನಗಳನ್ನೆಲ್ಲ ಬರೆದು, ಪಕ್ಕಕ್ಕೆ ದರವನ್ನೂ ಬರೆದರು. ಕಾರ್ಡಿಗೆ 15 ಪೈಸೆ. ರೇಡಿಯೋ ಲೈಸೆನ್ಸಿಗೆ ವರ್ಷಕ್ಕೆ 15 ರೂಪಾಯಿ, ಟಿವಿಗೆ 50; ಎರಡನ್ನೂ ಪೋಸ್ಟಿನಲ್ಲಿ ಕಟ್ಟಬೇಕಿತ್ತು. ತಾರಿಗೆ ಶಬ್ದದ ಲೆಕ್ಕ. “ಯಾವ್ದು ಜಲ್ದಿ, ಯಾವ್ದು ಸಸ್ತಾ, ಹೇಳ್ರಿ” ಅಂದರು. ಚೀಪರ್, ಕಾಸ್ಟ್ಲಿಯರ್, ಫಾಸ್ಟರ್, ಸ್ಲೋವರ್ ಎಲ್ಲ ಆ ಒಂದೇ ತಾಸಿನಲ್ಲಿ ಬಂದವು. ರೇಡಿಯೋ ದೊಡ್ಡದೋ ಟಿವಿ ದೊಡ್ಡದೋ ಎಂಬಲ್ಲಿ ಜಗಳವೇ ಆಯಿತು. ಬುಧವಾರದ ಬಿನಾಕಾ ಗೀತಮಾಲಾ ಬಿಟ್ಟಿರಲಾರದವರು ಒಂದು ಕಡೆ, ಟಿವಿಯವರು ಇನ್ನೊಂದು ಕಡೆ. ‘ಮೋರ್ ಇಂಟರೆಸ್ಟಿಂಗ್’ ಅನ್ನುವುದನ್ನು ಇಡೀ ವರ್ಗ ಅವತ್ತು ಕೂಗಿ ಕೂಗಿ ಕಲಿಯಿತು.

ಅದೇ ದಿನಗಳಲ್ಲಿ ನಮ್ಮ ಓಣಿಯ ಕಡೀಮನಿ ದೊಡ್ಡವ್ವನಿಗೆ ತಾರು ಬಂತು. ಮಗ ಸೊಲ್ಲಾಪುರದ ಮಿಲ್ಲಿನಲ್ಲಿದ್ದ, ಜ್ವರ ಬಿದ್ದು ದವಾಖಾನೆ ಸೇರಿದ್ದಾನೆಂದು ಕಾರ್ಡು ಮೊದಲೇ ಬಂದಿತ್ತು. ತಾರು ಅಂದರೆ ಸಾವಿನ ಸುದ್ದಿ ಅಂತಲೇ ಊರಿನ ತಿಳುವಳಿಕೆ. ಸೈಕಲ್ ಮೇಲೆ ತಾಲೂಕಿನಿಂದ ತಾರಿನವನು ಬಂದದ್ದೇ ತಡ, ಒಳಗೆ ಏನಿದೆ ಅಂತ ನೋಡುವ ಮೊದಲೇ ಹೆಂಗಸರು ಪಡಸಾಲೆ ತುಂಬ ಸೇರಿದರು. ಇಂಗ್ಲಿಷ್ ಓದಬಲ್ಲವರು ಯಾರೂ ಸಿಗದೆ ನನ್ನನ್ನು ಹೊಲದಿಂದ ಕರೆತಂದರು. “ಓದಪ್ಪಾ ತಮ್ಮಾ, ಏನೇ ಇರ್ಲಿ, ಮುಚ್ಚಿಡಬ್ಯಾಡ” ಅಂದಳು ದೊಡ್ಡವ್ವ. ಕಾಗದದಲ್ಲಿದ್ದುದು ನಾಲ್ಕೇ ಶಬ್ದ: ಹೆಲ್ತ್ ಬೆಟರ್ ಕಮಿಂಗ್ ಸಂಡೇ.

“ಮೊದ್ಲಿಕಿಂತ ಆರಾಮ ಅದಾನಂತ, ದೊಡ್ಡವ್ವ. ಐತಾರ ಬರ್ತಾನಂತ.”

“ಪೂರಾ ಆರಾಮ ಆಗಿಲ್ಲೇನು?”

“ಪೂರಾ ಅಂತ ಬರದಿಲ್ಲ. ಮೊದ್ಲಿಕಿಂತ ಅಂತ ಬರದದ.”

ಅವಳು ಗೋಡೆಗೆ ಆತು ಕುಳಿತಳು. ಆಮೇಲೆ ಎದ್ದು ಮಾಡದಲ್ಲಿಟ್ಟಿದ್ದ ಡಬ್ಬಿಯಿಂದ ಪುಟಾಣಿ, ಬೆಲ್ಲ ತೆಗೆದು ನನ್ನ ಅಂಗಿಯ ಕಿಸೆ ತುಂಬಿದಳು. ಮರುದಿನ ಮಾಸ್ತರಿಗೆ ಹೇಳಿದಾಗ, ನಾನು ಹೇಳಿದ ಅರ್ಥ ಬರೋಬ್ಬರಿ ಅಂದರು: “ಬೆಟರ್ ಅಂದ್ರ ಇನ್ನೂ ಔಷಧ ನಡದದ ಅಂತ ತಿಳ್ಕೋಬೇಕು.” ಐತವಾರ ಅವನು ಬಂದ. ಬಹಳ ಸೊರಗಿದ್ದ, ಆದರೆ ಬಸ್ ನಿಲ್ದಾಣದಿಂದ ನಡೆದೇ ಬಂದ.

ಆಮೇಲಿನದು ಬೇಗಬೇಗ ನಡೆಯಿತು. 1982ರಲ್ಲಿ ಟಿವಿಗೆ ಬಣ್ಣ ಬಂತು. ಎಂಬತ್ತರ ದಶಕದಲ್ಲೇ ಲೈಸೆನ್ಸು ಹೋಯಿತು. 1987ರಲ್ಲಿ ರಾಮಾಯಣ ಶುರುವಾಗುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲೇ ಟಿವಿ ಇತ್ತು. ಹಗೇವು ಮುಚ್ಚಿ ಅದರ ಮೇಲೆ ಫರಸಿ ಹಾಕಿದೆವು; ಪತ್ರಾಸಿನ ಕಣಜ ಬಂದ ಮೇಲೆ ಅದು ಯಾಕೆ ಬೇಕು? 2013ರ ಜುಲೈಯಲ್ಲಿ ತಾರಿನ ಸೇವೆಯೇ ನಿಂತಿತು. ಹೊಸದು ಬಂದಾಗ ಹಳೆಯದು ಜಾಗ ಬಿಡಲೇಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಇಡೀ ಊರು ಒಂದು ತಾರಿಗಾಗಿ ಸೈಕಲ್ಲಿನವನ ದಾರಿ ಕಾಯುವ ಸ್ಥಿತಿ ಯಾರಿಗೂ ಮತ್ತೆ ಬರಬಾರದು.

ಮೊಮ್ಮಗಳು ಬೆಂಗಳೂರಿನಲ್ಲಿ ಐದನೇ ಕ್ಲಾಸು. ಫೋನಿನಲ್ಲೇ ಇಂಗ್ಲಿಷ್ ಅಭ್ಯಾಸ ಮಾಡುತ್ತಾಳೆ. ಪರದೆಯ ಮೇಲೆ ಸ್ಮಾರ್ಟ್ ಟಿವಿ, ರಿಮೋಟ್, ಹೆಡ್‌ಫೋನ್ ಚಿತ್ರಗಳು ಬರುತ್ತವೆ, ಅವಳು ಹೋಲಿಸಿ ಹೇಳುತ್ತಾಳೆ. ತಪ್ಪಾದರೆ ಫೋನೇ ತಿದ್ದುತ್ತದೆ. ಉಚ್ಚಾರ ನನಗಿಂತ ಎಷ್ಟೋ ಶುದ್ಧ. ಕಳೆದ ಬೇಸಿಗೆಯಲ್ಲಿ ಅವಳ ಪಟ್ಟಿಗೆ ನಾನು ಟ್ರಂಕ್ ಕಾಲ್ ಸೇರಿಸಿದೆ. ಬೇರೆ ಊರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಅದರಲ್ಲಿ ಮೂರು ದರ್ಜೆ. ಅರ್ಜೆಂಟಿಗೆ ದರ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು.

“ಎಂಟು ಪಟ್ಟು ಯಾರು ಕೊಡ್ತಿದ್ರು, ಅಜ್ಜ?”

“ಅರ್ಜೆಂಟಿಗೂ ಕಾಯೋಕೆ ಆಗದೇ ಇದ್ದವರು, ಪುಟ್ಟಿ.”

ಅವಳು ಸ್ವಲ್ಪ ಹೊತ್ತು ಯೋಚಿಸಿ ನೋಟ್‌ಬುಕ್ಕಿನಲ್ಲಿ ಬರೆದಳು: ‘ಲೈಟ್ನಿಂಗ್ ಕಾಲ್ಸ್ ವರ್ ಫಾಸ್ಟರ್ ಬಟ್ ಮೋರ್ ಎಕ್ಸ್‌ಪೆನ್ಸಿವ್ ದ್ಯಾನ್ ಆರ್ಡಿನರಿ ಕಾಲ್ಸ್.’ ಬಾಲ ಹಚ್ಚಿದ್ದೂ ಸರಿ, ಮೋರ್ ಇಟ್ಟದ್ದೂ ಸರಿ. ನಾನು ಕೆಂಪು ಪೆನ್ನಿನಿಂದ ರೈಟ್ ಹಾಕಿದೆ.